ಯೆಜ್ಡಿ ಸೀಟಿಗೆ ಮನೆಯಲ್ಲೇ ಹೊಸ ರೆಕ್ಸಿನ್: ಸ್ಪಂಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಬೇಕೆ, ಬೇಡವೆ?

ಮಾದಾಪುರದ ಮಳೆ | ಜುಲೈ 6

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಈಗ ನನ್ನ ಪಾಲಿಗೆ ಬಂದಿದೆ. ಎಂಜಿನ್ ಮೊದಲ ಒದೆತಕ್ಕೆ ಅಲ್ಲದಿದ್ದರೂ ನಾಲ್ಕನೆಯದಕ್ಕೆ ಎದ್ದೇಳುತ್ತದೆ, ಅದರ ಮೇಲೆ ದೂರಿಲ್ಲ. ತಕರಾರು ಸೀಟಿನದು. ಟ್ಯಾಂಕಿನ ಹತ್ತಿರ ತೊಡೆ ಉಜ್ಜುವ ಜಾಗದಲ್ಲಿ ರೆಕ್ಸಿನ್ ಸೀಳಿದೆ, ಹಿಂದೆ ಹೊಲಿಗೆ ಬಾಯಿಬಿಟ್ಟಿದೆ. ಎರಡು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಹಳೆಯ ಹೊದಿಕೆಯ ಮೇಲೆಯೇ ಹೊಸದನ್ನು ಎಳೆದು ಕೂರಿಸಿ ಕಳುಹಿಸಿದರು. ಮೊದಲ ಮಳೆಗಾಲದಲ್ಲೇ ಗುಟ್ಟು ಬಯಲಾಯಿತು. ಹೊರಗೆ ಒರೆಸಿ ಒಣಗಿಸಿ ಕುಳಿತರೂ ಐದು ನಿಮಿಷದಲ್ಲಿ ಒಳಗಿನ ನೀರು ಪ್ಯಾಂಟಿಗೆ ಬರುತ್ತದೆ. ನಾನು ಕೆಲಸಕ್ಕೆ ಹೋಗುವವನು. ಸಹೋದ್ಯೋಗಿಗಳ ಮುಂದೆ ಬೆನ್ನು ತಿರುಗಿಸದೆ ನಡೆಯುವುದನ್ನು ಕಲಿತಿದ್ದೇನೆ.

ನಿನ್ನೆ ಸೀಟು ಬಿಚ್ಚಿ ಜಗಲಿಯಲ್ಲಿ ನಿಲ್ಲಿಸಿದೆ. ಮೂಲೆಯಿಂದ ಸಣ್ಣಗೆ ಶುರುವಾದ ನೀರು ರಾತ್ರಿಯಿಡೀ ತೊಟ್ಟಿಕ್ಕಿತು. ಇನ್ನು ಯಾರಿಗೂ ಕೊಡುವುದಿಲ್ಲ, ನಾನೇ ಮಾಡುತ್ತೇನೆ. ಅಮ್ಮನ ಬಳಿ ಕಾಲಲ್ಲಿ ತುಳಿಯುವ ಕಪ್ಪು ಹೊಲಿಗೆ ಯಂತ್ರವಿದೆ. ಅದರಲ್ಲಿ ರೆಕ್ಸಿನ್ ಹೊಲಿಯಬಹುದೆ? ಹಳೆಯ ಸ್ಪಂಜನ್ನು ಒಣಗಿಸಿ ಬಳಸಲೆ? ಸ್ಪಂಜಿಗೆ ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ರೆಕ್ಸಿನ್ ಹಾಕಿದರೆ ನೀರಿನ ಕಾಟ ತಪ್ಪುತ್ತದೆಯೆ? ಸದ್ಯಕ್ಕೆ ಸ್ಪಂಜನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟಿದ್ದೇನೆ.

ಎರಡು ಸೈಲೆನ್ಸರ್ | ಜುಲೈ 6

ಸೀಟಿನಲ್ಲಿ ಬೆಲೆಬಾಳುವುದು ರೆಕ್ಸಿನ್ ಅಲ್ಲ, ಸ್ಪಂಜೂ ಅಲ್ಲ. ಅಡಿಯ ತಗಡು. ನಿಮ್ಮ ಯೆಜ್ಡಿಯನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರಿನ ಗಾಡಿಗಳು ಮತ್ತೆ ಬಂದವು ನಿಜ, ಆದರೆ ಅವುಗಳ ಸೀಟಿಗೂ ನಿಮ್ಮ ಗಾಡಿಗೂ ಯಾವ ಸಂಬಂಧವೂ ಇಲ್ಲ. ಆದ್ದರಿಂದ ತಗಡನ್ನು ಮೊದಲು ನೋಡಿ. ಅಂಚಿನ ಸುತ್ತ ರೆಕ್ಸಿನ್ ಹಿಡಿದುಕೊಳ್ಳುವ ಸಣ್ಣ ಹಲ್ಲುಗಳಿರುತ್ತವೆ. ಅವುಗಳನ್ನು ಇಕ್ಕಳದಲ್ಲಿ ಒಂದೇ ಸಲ ಪೂರ್ತಿ ಎತ್ತಬೇಡಿ, ತುಕ್ಕು ತಿಂದ ಹಲ್ಲು ಪಟಕ್ಕನೆ ಮುರಿಯುತ್ತದೆ. ಚಪ್ಪಟೆ ಸ್ಕ್ರೂ ಡ್ರೈವರ್ ತೂರಿಸಿ ಎಷ್ಟು ಬೇಕೋ ಅಷ್ಟೇ ಎತ್ತಿ.

ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ಒರೆಸಿ, ಚೆನ್ನಾಗಿ ಒಣಗಿದ ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ, ಅದರ ಮೇಲೆ ಎರಡು ಕೈ ಎನಾಮೆಲ್. ಒಂದು ಮಾತು ನೆನಪಿರಲಿ: ನೀರು ಇಳಿದುಹೋಗಲು ತಗಡಿನಲ್ಲಿರುವ ತೂತುಗಳನ್ನು ಪೇಂಟಿನಿಂದಲೋ ಪುಟ್ಟಿಯಿಂದಲೋ ಮುಚ್ಚಬೇಡಿ. ನಾನು ನನ್ನ ಮೊದಲ ಜಾವಾದಲ್ಲಿ ಬಹಳ ಜಾಣತನದಿಂದ ಎಲ್ಲವನ್ನೂ ಮುಚ್ಚಿದ್ದೆ. ಮೂರು ವರ್ಷದ ನಂತರ ತಗಡು ಜರಡಿಯಾಗಿತ್ತು. ದೇವರೇ ತೂತು ಮಾಡಿಕೊಟ್ಟ ಹಾಗೆ.

ಕಾಳುಮೆಣಸು | ಜುಲೈ 7

ಸಿದ್ಧ ಹೊದಿಕೆಗಳು ಸಿಗುತ್ತವಲ್ಲ, ದಾರ ಎಳೆದು ಕಟ್ಟಿದರೆ ಮುಗಿಯಿತು. ಇಷ್ಟು ಚರ್ಚೆ ಮಾಡುವಷ್ಟರಲ್ಲಿ ಸುಂಟಿಕೊಪ್ಪದವರೆಗೆ ಹೋಗಿ ತರಬಹುದಿತ್ತು.

ಮಾದಾಪುರದ ಮಳೆ | ಜುಲೈ 7

ಅದನ್ನೂ ಹಾಕಿ ನೋಡಿದ್ದೇನೆ. ತಮ್ಮನ ಅಂಗಿಯನ್ನು ಅಣ್ಣನಿಗೆ ತೊಡಿಸಿದಂತೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು. ಜೋಲಿನಲ್ಲಿ ನೀರು ನಿಲ್ಲುತ್ತದೆ.

ಸೂಜಿಮೊನೆ | ಜುಲೈ 7

ತಮ್ಮಾ, ಅಮ್ಮನ ಯಂತ್ರದಲ್ಲಿ ಹೊಲಿಯಬಹುದು. ಹಳೆಯ ಕಪ್ಪು ಯಂತ್ರದ ತೂಕವೇ ಅದರ ಬಲ. ನಾನು ಗೋಣಿಕೊಪ್ಪದಲ್ಲಿ ರವಿಕೆ ಹೊಲಿಯುವವಳು, ಆದರೆ ಮನೆಯವರ ಜೀಪಿನ ಸೀಟು, ಶಾಲೆ ಮಕ್ಕಳ ಚೀಲ ಎಲ್ಲವೂ ಅದೇ ಯಂತ್ರದಲ್ಲಿ ಆಗಿವೆ. ಅಮ್ಮನನ್ನು ಕೇಳಿಯೇ ಮುಟ್ಟು. ಕೆಲಸ ಮುಗಿದ ಮೇಲೆ ದಾರದ ಬಿಗಿಯನ್ನು ಮೊದಲಿದ್ದಲ್ಲಿಗೇ ತಂದಿಡು, ಇಲ್ಲವಾದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ಸೂಜಿ 18ನೇ ನಂಬರಿನದು ಹಾಕು. ಹತ್ತಿಯ ದಾರ ಬೇಡವೇ ಬೇಡ, ನಮ್ಮ ಕೊಡಗಿನ ಮಳೆಗೆ ಕೊಳೆಯುತ್ತದೆ. ನಿನ್ನ ಸೀಟಿನ ಹಿಂಭಾಗ ಬಾಯಿಬಿಟ್ಟಿರುವುದೂ ಅದರಿಂದಲೇ ಇರಬೇಕು. ಪಾಲಿಯೆಸ್ಟರ್ ಅಥವಾ ನೈಲಾನ್ ದಾರ ತೆಗೆದುಕೋ. ಹೊಲಿಗೆ ಉದ್ದವಿರಲಿ, ಅಂಗುಲಕ್ಕೆ ಆರೇಳು ಸಾಕು. ಬಟ್ಟೆಗೆ ಹಾಕುವಂತೆ ಒತ್ತೊತ್ತಾಗಿ ಹಾಕಿದರೆ ಅಂಚೆಚೀಟಿಯ ಅಂಚಿನಂತೆ ತೂತಿನ ಸಾಲಾಗಿ, ಎಳೆದಾಗ ಅದೇ ಗೆರೆಯಲ್ಲಿ ಹರಿಯುತ್ತದೆ.

ರೆಕ್ಸಿನ್ ಯಂತ್ರದ ಪಾದಕ್ಕೆ, ಅಂದರೆ ಬಟ್ಟೆ ಒತ್ತಿಹಿಡಿಯುವ ಭಾಗಕ್ಕೆ, ಅಂಟಿಕೊಂಡು ಮುಂದೆ ಸರಿಯುವುದಿಲ್ಲ. ಆಗ ಬಲವಂತ ಮಾಡಿ ಎಳೆದರೆ ಸೂಜಿ ಬಾಗಿ ಯಂತ್ರದ ತಗಡಿಗೆ ಬಡಿಯುತ್ತದೆ. ಮೇಲೆ ಸ್ವಲ್ಪ ಪೌಡರ್ ಉದುರಿಸು. ಅದೂ ಸಾಲದಿದ್ದರೆ ತೆಳುವಾದ ಕಾಗದ ಇಟ್ಟು ಅದರ ಮೇಲೆಯೇ ಹೊಲಿದು ನಂತರ ಹರಿದು ತೆಗೆ. ಮೂರು ನಾಲ್ಕು ಪದರ ಸೇರುವಲ್ಲಿ ತುಳಿಯಬೇಡ, ಚಕ್ರವನ್ನು ಕೈಯಿಂದ ತಿರುಗಿಸು. ಗುಂಡುಸೂಜಿ ಚುಚ್ಚಬೇಡ. ಬಟ್ಟೆಯ ತೂತು ಮುಚ್ಚಿಕೊಳ್ಳುತ್ತದೆ, ರೆಕ್ಸಿನ್ನಿನದು ಮುಚ್ಚುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿವೆಯಲ್ಲ, ಅವನ್ನೇ ಅಂಚಿಗೆ ಸಿಕ್ಕಿಸು. ಹೇಗೂ ಈ ತಿಂಗಳಿನಲ್ಲಿ ಅವಕ್ಕೆ ಬೇರೆ ಕೆಲಸವಿಲ್ಲ.

ಹಳೆಯ ಹೊದಿಕೆಯನ್ನು ಎಸೆಯುವುದಕ್ಕೆ ಮೊದಲು ಹೊಲಿಗೆ ಬಿಚ್ಚಿ, ಪ್ರತಿ ತುಂಡಿನ ಮೇಲೂ ಮುಂದೆ, ಹಿಂದೆ, ಎಡ, ಬಲ ಎಂದು ಬರೆ. ಬಿಚ್ಚುವ ಮೊದಲೇ ಎರಡು ತುಂಡು ಸೇರುವಲ್ಲಿ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದುಕೋ. ಹೊಲಿಯುವಾಗ ಗೆರೆಗೆ ಗೆರೆ ಕೂಡಿಸಿದರೆ ಸೀಟು ಸೊಟ್ಟಗಾಗುವುದಿಲ್ಲ. ಆಮೇಲೆ ಪತ್ರಿಕೆಯ ಮೇಲೆ ಅಚ್ಚು ತೆಗೆ.

ಹಿಮದೂರು | ಜುಲೈ 8

ವಿರಾಜಪೇಟೆಯವನು, ಈಗ ಕೆನಡಾದಲ್ಲಿದ್ದೇನೆ. ಈ ಪ್ರಶ್ನೆ ನೋಡಿ ನಗು ಬಂತು, ಏಕೆಂದರೆ ಕಳೆದ ಚಳಿಗಾಲದ ಶುರುವಿನಲ್ಲಿ ನಾನೂ ಪಕ್ಕದ ಮನೆಯವರೂ ಸೇರಿ ಮಾಡಿದ್ದು ಇದನ್ನೇ, ಸ್ನೋಮೊಬೈಲಿಗೆ. ಮುಂದೆ ಎರಡು ಸ್ಕೀ, ಹಿಂದೆ ಯುದ್ಧದ ಟ್ಯಾಂಕಿನಂತೆ ಸುತ್ತುವ ರಬ್ಬರ್ ಪಟ್ಟಿ ಇರುವ, ಹಿಮದ ಮೇಲೆ ಓಡುವ ಗಾಡಿ. ಕ್ವಿಬೆಕ್‌ನ ಬೊಂಬಾರ್ಡಿಯರ್ 1959ರಲ್ಲಿ ಸ್ಕಿ-ಡೂ ಎಂಬ ಚಿಕ್ಕ ಗಾಡಿಯನ್ನು ಮಾರಲು ಶುರುಮಾಡಿದ ಮೇಲೆ ಇಲ್ಲಿನ ಹಳ್ಳಿಗಳಲ್ಲಿ ಅದು ನಮ್ಮ ಜೀಪಿನಷ್ಟೇ ಮಾಮೂಲಾಗಿದೆ.

ಅದರ ಸೀಟಿಗೂ ಇದೇ ಕಾಯಿಲೆ. ಎಲ್ಲೋ ಒಂದು ಸಣ್ಣ ಸೀಳು, ಅದರಿಂದ ಕರಗಿದ ಹಿಮ ಒಳಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಕುಳಿತರೆ ಬಂಡೆಯ ಮೇಲೆ ಕುಳಿತ ಹಾಗೆ. ನಾವು ಹೊದಿಕೆ ಬಿಚ್ಚಿದಾಗ ಸ್ಪಂಜಿನೊಳಗೆ ಮಂಜುಗಡ್ಡೆಯ ಹಾಳೆಯೇ ಇತ್ತು. ಅಲ್ಲಿ ಅಡಿಭಾಗ ಗಟ್ಟಿ ಪ್ಲಾಸ್ಟಿಕ್, ರೆಕ್ಸಿನ್ನಿಗೆ ಹಲ್ಲು ಇರುವುದಿಲ್ಲ, ಸ್ಟೇಪಲ್ ಹೊಡೆಯುತ್ತಾರೆ. ಸಾಮಾನ್ಯ ಸ್ಟೇಪಲ್ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನವು ಬೇಕು, ಅದೂ ಗಿಡ್ಡವು. ಉದ್ದವಾದರೆ ಪ್ಲಾಸ್ಟಿಕ್ ದಾಟಿ ಕುಳಿತವನನ್ನು ವಿಚಾರಿಸಿಕೊಳ್ಳುತ್ತವೆ. ದೋಣಿಗಳಿಗೆ ಬಳಸುವ, ಬಿಸಿಲು ಮತ್ತು ಬೂಸ್ಟು ತಡೆಯುವ ರೆಕ್ಸಿನ್ ತಂದೆವು. ಚಳಿಗೆ ರೆಕ್ಸಿನ್ ಬಿರುಸಾಗುತ್ತದೆ, ಹಾಗಾಗಿ ಬೆಚ್ಚಗಿನ ಕೋಣೆಯಲ್ಲೇ ಕೂರಿಸಬೇಕು, ಅತಿ ಬಿಗಿಯಾಗಿ ಎಳೆದರೆ ಶೂನ್ಯದ ಕೆಳಗೆ ಇಪ್ಪತ್ತು ಡಿಗ್ರಿಯಲ್ಲಿ ಹೊಲಿಗೆಯ ಪಕ್ಕದಲ್ಲೇ ಬಿರಿಯುತ್ತದೆ. ನಿಮಗೆ ಆ ಭಯವಿಲ್ಲ.

ನಾವು ಸ್ಪಂಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿದೆವು. ಚಳಿಗಾಲ ಪೂರ್ತಿ ಸೀಟು ಒಣಗಿತ್ತು. ಹಾಕಿ ಅಣ್ಣ, ಧೈರ್ಯವಾಗಿ ಹಾಕಿ.

ಬಿಳಿಗಡ್ಡ | ಜುಲೈ 9

ಪ್ಲಾಸ್ಟಿಕ್ ಹಾಕಲೇಬೇಡಿ. ನಾಪೋಕ್ಲುವಿನಲ್ಲಿ ನಲವತ್ತು ಮಳೆಗಾಲ ಜೀಪು ಓಡಿಸಿದವನ ಮಾತು ಇದು. ಒಮ್ಮೆ ಸ್ಪಂಜನ್ನು ಗೊಬ್ಬರದ ಚೀಲದ ಒಳಪೊರೆಯಲ್ಲಿ ಸುತ್ತಿಸಿ ಸೀಟು ಮಾಡಿಸಿದ್ದೆ. ದೀಪಾವಳಿಯ ಹೊತ್ತಿಗೆ ಜೀಪಿನೊಳಗೆ ಸತ್ತ ಇಲಿಯ ವಾಸನೆ. ಬಿಚ್ಚಿದರೆ ಇಲಿ ಇರಲಿಲ್ಲ, ಸ್ಪಂಜೇ ಕೊಳೆತಿತ್ತು. ನೀರು ಹೇಗೋ ಒಳಗೆ ಹೋಗುತ್ತದೆ, ಸೂಜಿ ತೂತಿದ್ದ ಮೇಲೆ ಹೋಗದೆ ಇರುವುದಿಲ್ಲ. ಹೋದದ್ದು ಹೊರಗೆ ಬರಲು ದಾರಿ ಬೇಡವೆ? ಕಾಫಿಯನ್ನು ಗೋಣಿಚೀಲದಲ್ಲಿ ತುಂಬಿಡುತ್ತೀರೋ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುತ್ತೀರೋ?

ಕೆನಡಾದವರಿಗೆ ಹೇಳುವುದು ಇಷ್ಟೆ: ನಿಮ್ಮಲ್ಲಿ ಹಿಮ ಸೀಟಿನ ಮೇಲೆ ಬಿದ್ದರೆ ಕೊಡವಬಹುದು. ನಮ್ಮ ಮಳೆಯನ್ನು ಕೊಡವಲಾಗುವುದಿಲ್ಲ.

ಹಿಮದೂರು | ಜುಲೈ 9

ಮಾವ, ಒಪ್ಪಿದೆ, ಹೆಪ್ಪುಗಟ್ಟಿದ ಊರಿನಲ್ಲಿ ಬೂಸ್ಟು ಬೆಳೆಯುವುದಿಲ್ಲ. ಆದರೆ ಪ್ಲಾಸ್ಟಿಕ್ ಇಲ್ಲದಿದ್ದಾಗ ಕುಡಿಯುವಷ್ಟನ್ನೂ ಸ್ಪಂಜು ಕುಡಿಯಿತು. ಅದಕ್ಕೆ ಏನು ಮಾಡೋಣ?

ಕುಶನ್ ಕೆಲಸ | ಜುಲೈ 10

ಕುಶಾಲನಗರ ಕಡೆಯವನು, ಹೊಟ್ಟೆಪಾಡೇ ಇದು. ಮೊದಲು ನನ್ನ ಕಸುಬಿನವರ ಪರವಾಗಿ ಒಂದು ಮಾತು. ಹಳೆಯದರ ಮೇಲೆ ಹೊಸದು ಹಾಕುವುದು ತಪ್ಪು, ಸರಿ. ಆದರೆ ಗಿರಾಕಿ ಬಂದು ಗಾಡಿಯಿಂದ ಇಳಿಯದೆಯೇ "ಅರ್ಧ ಗಂಟೆಯಲ್ಲಿ ಆಗುತ್ತದಾ, ಎಷ್ಟಕ್ಕೆ ಕಡಿಮೆ" ಎಂದು ಕೇಳಿದರೆ ಸ್ಪಂಜು ಒಣಗಿಸುವವರು ಯಾರು?

ಎರಡನೆಯದು ಅವಸರದ್ದು. ಮಾದಾಪುರದವರೇ, ಆ ಸ್ಪಂಜನ್ನು ಒಲೆಯ ಮೇಲಿಂದ ಇವತ್ತೇ ಇಳಿಸಿ. ಈ ಸ್ಪಂಜಿಗೆ ಕಿಡಿ ತಾಗಿದರೆ ಎಣ್ಣೆಯಂತೆ ಹೊತ್ತಿಕೊಳ್ಳುತ್ತದೆ, ಹೊಗೆ ವಿಷ. ಟವೆಲಿನಲ್ಲಿ ಸುತ್ತಿ ಮೇಲೆ ನಿಂತು ನೀರು ಒತ್ತಿ ತೆಗೆದು, ಫ್ಯಾನಿನ ಮುಂದೆ ನಿಲ್ಲಿಸಿಡಿ. ಹಿಂಡಬೇಡಿ, ಒಳಗೇ ಹರಿಯುತ್ತದೆ. ಒಣಗಿದ ಮೇಲೆ ಬೆರಳಿನಿಂದ ಅದುಮಿ ನೋಡಿ. ಕುಣಿ ತಕ್ಷಣ ತುಂಬಿಕೊಂಡರೆ ಇಟ್ಟುಕೊಳ್ಳಿ. ನಿಧಾನವಾದರೆ ಅಥವಾ ಹಳದಿ ಪುಡಿ ಉದುರಿದರೆ ಅದರ ಕಥೆ ಮುಗಿಯಿತು. ಹೊಸದು ಹಾಕುವುದಾದರೆ ಕೆಳಗೆ ತುಂಡು ಸ್ಪಂಜುಗಳನ್ನು ಒತ್ತಿ ಮಾಡಿದ ಗಟ್ಟಿ ಹಲಗೆ, ಮೇಲೆ ಅರ್ಧ ಅಂಗುಲದ ಮೆದು ಪದರ. ಪೂರ್ತಿ ಮೆದುವಾದದ್ದು ಅಂಗಡಿಯಲ್ಲಿ ಸುಖ ಕೊಡುತ್ತದೆ, ಮಡಿಕೇರಿ ಮುಟ್ಟುವಷ್ಟರಲ್ಲಿ ತಗಡು ತಾಗುತ್ತದೆ.

ಇನ್ನು ಪ್ಲಾಸ್ಟಿಕ್ಕಿನ ಜಗಳ. ಇಬ್ಬರದೂ ಅರ್ಧ ಸರಿ. ಸ್ಪಂಜಿಗೆ ಕೊಡೆ ಹಿಡಿಯಿರಿ, ಚೀಲ ಕಟ್ಟಬೇಡಿ. ಹಾಳೆ ಮೇಲ್ಭಾಗವನ್ನೂ ಬದಿಗಳನ್ನೂ ಮುಚ್ಚಲಿ, ಕೆಳಗಿನ ಅಂಚಿಗೆ ಒಂದಂಗುಲ ಮೊದಲೇ ನಿಲ್ಲಲಿ. ಅಡಿ ತೆರೆದಿರಲಿ. ಒಳಗೆ ಬಂದ ನೀರು ಹಾಳೆಯ ಮೇಲೆ ಜಾರಿ ತಗಡಿಗೆ ಇಳಿದು ತೂತಿನಿಂದ ಹೋಗುತ್ತದೆ, ಸ್ಪಂಜು ಕೆಳಗಿನಿಂದ ಉಸಿರಾಡುತ್ತದೆ. ಹಾಳೆಯನ್ನು ಅಂಟಿನಿಂದ ಪೂರ್ತಿ ಅಂಟಿಸಬೇಡಿ, ಅಲ್ಲಲ್ಲಿ ಬೊಟ್ಟು ಇಟ್ಟರೆ ಸಾಕು. ಪೂರ್ತಿ ಅಂಟಿಸಿದ್ದು ಕುಳಿತಾಗಲೆಲ್ಲ ಕರಕರ ಎನ್ನುತ್ತದೆ.

ಎಲ್ಲಕ್ಕಿಂತ ಮುಖ್ಯ, ಕುಳಿತುಕೊಳ್ಳುವ ಜಾಗದಲ್ಲಿ ಅಡ್ಡ ಹೊಲಿಗೆ ಹಾಕಬೇಡಿ. ಚಂದಕ್ಕೆ ಹಾಕುವ ಆ ಪಟ್ಟೆಪಟ್ಟೆ ಹೊಲಿಗೆಗಳೆಲ್ಲ ನೀರಿನ ಬಾಗಿಲುಗಳು. ಮೇಲೆ ಒಂದೇ ತುಂಡು, ಹೊಲಿಗೆ ಬದಿಗೆ ಇಳಿಯಲಿ. 54 ಅಂಗುಲ ಅಗಲದ ರೆಕ್ಸಿನ್ ಒಂದು ಮೀಟರ್ ತಂದರೆ ಸೀಟಾಗಿ ತುಂಡು ಉಳಿಯುತ್ತದೆ. ಕೊಳ್ಳುವಾಗ ಎರಡೂ ದಿಕ್ಕಿಗೆ ಎಳೆದು ನೋಡಿ. ಹೆಚ್ಚು ಹಿಗ್ಗುವ ದಿಕ್ಕು ಸೀಟಿನ ಅಗಲಕ್ಕೆ ಬರಲಿ.

ಬಿಳಿಗಡ್ಡ | ಜುಲೈ 10

ಕೊಡೆ, ಚೀಲ. ಇದನ್ನು ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನನ್ನ ಜೀಪು ನಾರುತ್ತಿರಲಿಲ್ಲ. ಒಪ್ಪಿದೆ.

ಮಾದಾಪುರದ ಮಳೆ | ಜುಲೈ 21

ಸ್ಪಂಜು ಅವತ್ತೇ ಇಳಿಸಿದೆ. ಒಂದು ವಾರ ಫ್ಯಾನಿನ ಮುಂದಿತ್ತು, ಒಣಗಿದ ಮೇಲೆ ಹಳದಿ ಪುಡಿಯೇ ಉದುರಿತು. ಹೊಸ ಸ್ಪಂಜು ತಂದು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದೆ. ಬ್ಲೇಡನ್ನು ಒತ್ತದೆ, ಬರಿದೆ ಹಿಂದೆ ಮುಂದೆ ಆಡಿಸಿದರೆ ಬೆಣ್ಣೆಯಂತೆ ಹೋಗುತ್ತದೆ. ಒತ್ತಿದಲ್ಲೆಲ್ಲ ಮೆಟ್ಟಿಲು ಬಿತ್ತು. ಮೆಟ್ಟಿಲುಗಳನ್ನು ಒರಟು ಉಪ್ಪುಕಾಗದದಿಂದ ಉಜ್ಜಿದೆ. ಮನೆಯೆಲ್ಲ ಸ್ಪಂಜಿನ ಹಿಟ್ಟು, ಬೆಕ್ಕು ಎರಡು ದಿನ ಸೀನಿತು. ಎರಡು ಪದರ ಕೂಡಿಸಲು ರಬ್ಬರ್ ಅಂಟನ್ನು ಎರಡೂ ಕಡೆ ಸವರಿ, ಬೆರಳಿಗೆ ಅಂಟದಷ್ಟು ಆರುವವರೆಗೆ ಕಾದು ಒತ್ತಿದೆ. ಕಿಟಕಿ ತೆರೆದಿಟ್ಟುಕೊಂಡೇ ಮಾಡಿ, ತಲೆ ತಿರುಗುತ್ತದೆ.

ಹೊಲಿಗೆಯ ಕಥೆ: ಮೊದಲ ಸೂಜಿ ಮೂರನೆಯ ನಿಮಿಷದಲ್ಲಿ ಮುರಿಯಿತು. ಎರಡನೆಯದು ಹತ್ತನೆಯದರಲ್ಲಿ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಏನೂ ಹೇಳದೆ ಬಂದು ನನ್ನನ್ನು ಎಬ್ಬಿಸಿ ಕುಳಿತರು. ಪೌಡರ್ ಡಬ್ಬಿ ಕೇಳಿದರು. ಎಡಗೈಯಲ್ಲಿ ರೆಕ್ಸಿನ್ನನ್ನು ಹಿಂದಿನಿಂದ ತುಸುವೇ ಎಳೆದು ಹಿಡಿದು, ಬಲಗೈಯಲ್ಲಿ ಚಕ್ರ ತಿರುಗಿಸುತ್ತಾ, ಒಂದೊಂದು ಹೊಲಿಗೆಯೂ ಟಕ್, ಟಕ್ ಎಂದು ಬೀಳುವಂತೆ ಇಡೀ ಸುತ್ತು ಮುಗಿಸಿದರು. ಒಂದೂವರೆ ಗಂಟೆ. ಅಂಚಿನ ಹೊಲಿಗೆಯಲ್ಲಿ ಕೂರುವ ಬಿಳಿಯ ದಾರದಂಥ ಪಟ್ಟಿ, ಪೈಪಿಂಗನ್ನೂ ಅವರೇ ಕೂರಿಸಿದರು. ನನ್ನ ಪಾಲಿನ ಕೆಲಸ ಕ್ಲಿಪ್ ತೆಗೆದುಕೊಡುವುದು. ಆದ್ದರಿಂದ "ನಾನೇ ಮಾಡುತ್ತೇನೆ" ಎಂಬ ನನ್ನ ಮೊದಲ ಮಾತನ್ನು ತಿದ್ದಿ ಓದಿಕೊಳ್ಳಿ.

ಈಗ ಸಿಕ್ಕಿಬಿದ್ದಿರುವುದು ಹಿಂಭಾಗದ ದುಂಡಗಿನ ಮೂಲೆಗಳಲ್ಲಿ. ಎಷ್ಟು ಎಳೆದರೂ ಒಂದು ದಪ್ಪ ಸುಕ್ಕು ಉಳಿಯುತ್ತದೆ.

ಸೂಜಿಮೊನೆ | ಜುಲೈ 21

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಮೂಲೆಯಿಂದ ಶುರು ಮಾಡಿದ್ದೀಯಾ? ಪೂರ್ತಿ ಬಿಚ್ಚು. ಮೊದಲು ಮುಂದೆ ನಡುವಿನಲ್ಲಿ ಒಂದು ಹಲ್ಲು, ಆಮೇಲೆ ಹಿಂದೆ ನಡುವಿನಲ್ಲಿ ಒಂದು, ಎಡಕ್ಕೊಂದು, ಬಲಕ್ಕೊಂದು. ಅಲ್ಲಿಂದ ಮೂಲೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿ. ಮೂಲೆ ಕೊನೆಗೆ. ಅಲ್ಲಿ ಒಂದು ದಪ್ಪ ಸುಕ್ಕನ್ನು ಐದಾರು ಸಣ್ಣ ನಿರಿಗೆಗಳಾಗಿ ಹಂಚು, ಸೀರೆಯ ನಿರಿಗೆ ಹಿಡಿದ ಹಾಗೆ. ನಿರಿಗೆಗಳು ತಗಡಿನ ಅಡಿಗೆ ಹೋಗಲಿ, ಬದಿಯಲ್ಲಿ ಕಾಣಬಾರದು.

ಕುಶನ್ ಕೆಲಸ | ಜುಲೈ 22

ಬಿಸಿಲಿದ್ದರೆ ಅರ್ಧ ಗಂಟೆ ರೆಕ್ಸಿನ್ನನ್ನು ಬಿಸಿಲಿಗೆ ಹಾಕಿ ಎಂದು ಹೇಳುತ್ತಿದ್ದೆ. ಜುಲೈ ತಿಂಗಳಲ್ಲಿ ಮಾದಾಪುರದವರಿಗೆ ಹಾಗೆ ಹೇಳಿದರೆ ಬೈಯುತ್ತೀರಿ. ಕೂದಲು ಒಣಗಿಸುವ ಯಂತ್ರವನ್ನು ಒಂದು ಗೇಣು ದೂರದಲ್ಲಿ ಹಿಡಿದು ಆಡಿಸುತ್ತಾ ಬೆಚ್ಚಗೆ ಮಾಡಿ, ಮೆದುವಾದಾಗ ಎಳೆಯಿರಿ. ಒಂದೇ ಕಡೆ ನಿಲ್ಲಿಸಿದರೆ ಹೊಳಪು ಬಂದು ಕಲೆ ಉಳಿಯುತ್ತದೆ.

ಮಾದಾಪುರದ ಮಳೆ | ಆಗಸ್ಟ್ 5

ಸೀಟು ಮುಗಿದಿದೆ. ಪರೀಕ್ಷೆಯೂ ಆಗಿದೆ. ಕಾಫಿ ಚೀಲ ತೂಗುವ ತಕ್ಕಡಿ ಮನೆಯಲ್ಲೇ ಇದೆಯಲ್ಲ, ಒಣಗಿದ ಸೀಟನ್ನು ಅದರ ಮೇಲಿಟ್ಟು ತೂಕ ಬರೆದುಕೊಂಡೆ. ಗಾಡಿಗೆ ಕೂರಿಸಿ ಒಂದು ರಾತ್ರಿ ಅಂಗಳದಲ್ಲಿ ಬಿಟ್ಟೆ. ಬೆಳಿಗ್ಗೆ ಬಿಚ್ಚಿ, ಹೊರಮೈ ಒರೆಸಿ ಮತ್ತೆ ತೂಗಿದರೆ ಮುಕ್ಕಾಲು ಕಿಲೋ ಹೆಚ್ಚು! ಕೊಡೆಯೂ ಇತ್ತು, ಮೇಲೆ ಹೊಲಿಗೆಯೂ ಇರಲಿಲ್ಲ. ನೀರು ಎಲ್ಲಿಂದ ಬಂತು?

ಅರ್ಧ ದಿನ ಹುಡುಕಿದೆ. ಹೊಲಿಗೆಯ ಒಳಭಾಗ ಒಣಗಿತ್ತು. ಒದ್ದೆ ಇದ್ದದ್ದು ಸೀಟಿನ ನಡುವೆ, ಹಿಂದೆ ಕುಳಿತವರು ಹಿಡಿದುಕೊಳ್ಳುವ ಅಡ್ಡಪಟ್ಟಿಯ ಎರಡು ತುದಿಗಳಲ್ಲಿ. ಆ ಪಟ್ಟಿಯ ಸ್ಕ್ರೂಗಳಿಗಾಗಿ ರೆಕ್ಸಿನ್ನಿಗೂ ಒಳಗಿನ ಹಾಳೆಗೂ ನಾನೇ ಮೊಳೆ ಕಾಯಿಸಿ ತೂತು ಮಾಡಿದ್ದೆ! ಸೈಕಲ್ ಟ್ಯೂಬಿನಿಂದ ನಾಲ್ಕು ಬಿಲ್ಲೆ ಕತ್ತರಿಸಿ ಸ್ಕ್ರೂವಿನ ತಲೆಯ ಕೆಳಗೂ ಒಳಗಡೆಯೂ ಹಾಕಿ ಬಿಗಿದೆ. ಸ್ಪಂಜು ಒಣಗಲು ನಾಲ್ಕು ದಿನ. ಮೊನ್ನೆ ಕಕ್ಕಡ ಹದಿನೆಂಟರ (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನದ) ರಾತ್ರಿ ಎರಡನೆಯ ಪರೀಕ್ಷೆ, ಮಳೆಯೂ ಮನಸ್ಸು ಬಿಚ್ಚಿ ಹೊಯ್ಯಿತು. ಬೆಳಿಗ್ಗೆ ತಕ್ಕಡಿಯ ಮುಳ್ಳು ಮೊದಲಿದ್ದ ಗೆರೆಯಲ್ಲೇ ನಿಂತಿತು.

ಆ ದಿನ ಮದ್ದುಸೊಪ್ಪಿನಿಂದ ಮಾಡುವ ನೇರಳೆ ಬಣ್ಣದ ಮದ್ದುಪಾಯಸ ತಿಂದ ಕೈಯಲ್ಲೇ ಯಾರೋ ಸೀಟು ಮುಟ್ಟಿದ್ದಾರೆ, ಬಿಳಿಯ ಪೈಪಿಂಗಿನ ಮೇಲೆ ನೇರಳೆ ಬೆರಳಚ್ಚು ಬಿದ್ದಿದೆ. ಅಮ್ಮ ತಾನಲ್ಲ ಎನ್ನುತ್ತಾರೆ.

ಎರಡು ಸೈಲೆನ್ಸರ್ | ಆಗಸ್ಟ್ 5

ಅಡ್ಡಪಟ್ಟಿ! ನನ್ನ ತಗಡನ್ನು ಜರಡಿ ಮಾಡಿದ್ದೂ ಅದೇ ಇರಬೇಕು. ತುಕ್ಕು ನಟ್ಟನಡುವಿನಿಂದ ಶುರುವಾಗಿತ್ತು. ಇಷ್ಟು ವರ್ಷ ಹೊಲಿಗೆಯನ್ನೇ ಬೈದುಕೊಂಡಿದ್ದೆ.

ಹಿಮದೂರು | ಆಗಸ್ಟ್ 6

ಈ ಸಲದ ಸ್ನೋಮೊಬೈಲಿಗೆ ನಾವೂ ಹಾಳೆಯ ಅಡಿಭಾಗ ತೆರೆದಿಡುತ್ತೇವೆ. ಪಕ್ಕದ ಮನೆಯವರಿಗೆ ಕೊಡೆ ಮತ್ತು ಚೀಲದ ವ್ಯತ್ಯಾಸ ವಿವರಿಸಲು ಬಹಳ ಹೊತ್ತು ಹಿಡಿಯಿತು.

ಕಾಳುಮೆಣಸು | ಆಗಸ್ಟ್ 8

ನನ್ನ ಸ್ಕೂಟರಿನ ಸೀಟೂ ಬಾಯಿಬಿಟ್ಟಿದೆ. ಸುಂಟಿಕೊಪ್ಪದಿಂದ ತಂದ ಸಿದ್ಧ ಹೊದಿಕೆ ಹಾಕಿದ್ದೆ, ನಗಬೇಡಿ. ಇದರ ಅಡಿ ಪ್ಲಾಸ್ಟಿಕ್, ಹಲ್ಲುಗಳಿಲ್ಲ. ಕಚೇರಿಯಲ್ಲಿ ಕಾಗದಕ್ಕೆ ಹೊಡೆಯುವ ಸ್ಟೇಪ್ಲರ್ ನಡೆಯುತ್ತದೆಯೆ?

ಕುಶನ್ ಕೆಲಸ | ಆಗಸ್ಟ್ 8

ನಡೆಯುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇಪಲ್ ಗನ್ ಸಿಗುತ್ತದೆ, 6 ಮಿಲಿಮೀಟರಿನ ಸ್ಟೇಪಲ್ ಕೇಳಿ. ಮೊದಲು ಹಳೆಯವನ್ನೆಲ್ಲ ಕಿತ್ತು ಒಂದು ಬಟ್ಟಲಲ್ಲಿ ಹಾಕಿ ಎಣಿಸಿ, ಒಂದಾದರೂ ನೆಲದಲ್ಲಿ ಉಳಿದರೆ ಕಾಲಿಗೆ ಸಿಗುತ್ತದೆ. ಕೆಲಸ ಶುರು ಮಾಡುವ ದಿನ ಇಲ್ಲಿ ಬರೆಯಿರಿ.

ಮಾದಾಪುರದ ಮಳೆ | ಆಗಸ್ಟ್ 9

ಕಾಳುಮೆಣಸು ಅಣ್ಣ, ಕಪ್ಪು ರೆಕ್ಸಿನ್ ಅರ್ಧ ಮೀಟರಿನಷ್ಟು ಉಳಿದಿದೆ, ಸ್ಕೂಟರಿಗೆ ಸಾಕಾಗಬಹುದು. ಭಾನುವಾರ ಬಂದರೆ ಕೊಡುತ್ತೇನೆ. ಯಂತ್ರದ ವಿಷಯ ಮಾತ್ರ ಅಮ್ಮನನ್ನೇ ಕೇಳಬೇಕು.